ಹಾಸು ಹೊಕ್ಕು

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ನಮ್ಮ ಕಡೆ ಹೆಣ್ಣು ನೋಡಲು ಬಂದವರು ತಪ್ಪದೆ ಹೇಳುತ್ತಾರೆ. ಹೊಗಳುವುದಕ್ಕೂ ಅದೇ, ಕೊಂಕು ತೆಗೆಯುವುದಕ್ಕೂ ಅದೇ. ಹುಡುಗಿಯ ರೊಟ್ಟಿ ತೆಳ್ಳಗಿದ್ದರೆ ತಾಯಿಯ ಕೈಗುಣ, ಎದುರು ಮಾತಾಡಿದರೆ ತಾಯಿಯ ಬಾಯಿ. ಈಚಿನ ವರ್ಷಗಳಲ್ಲಿ ಈ ಗಾದೆ ಇನ್ನೊಂದು ಕೆಲಸಕ್ಕೂ ಬಳಕೆಯಾಗುತ್ತಿದೆ. 'ಹುಡುಗಿ ತಾಯಿಗೆ ಎದಿ ಕ್ಯಾನ್ಸರ್ ಆಗಿತ್ತಂತ, ನೂಲು ಹೆಂಗೋ ಹಂಗ ಸೀರಿ' ಎಂದು ಯಾರಾದರೂ ಒಬ್ಬರು ಕಿವಿಯಲ್ಲಿ ಊದಿದರೆ ಸಾಕು. ಚಹಾ ಕುಡಿದು 'ಹೇಳಿ ಕಳಸ್ತೀವ್ರಿ' ಎಂದು ಹೋದವರು ಮತ್ತೆ ಹೇಳಿ ಕಳಿಸುವುದಿಲ್ಲ.

ನಾನು ಓದಿದ್ದು ಬಿ.ಎ., ಬಿ.ಎಡ್. ಮಕ್ಕಳಿಗೆ ಕನ್ನಡ ಹೇಳಿಕೊಡುವವಳಿಗೆ ವೈದ್ಯರ ವಿಷಯವೇಕೆ ಎಂದು ನೀವು ಕೇಳಬಹುದು. ರೋಗವೇನೋ ವೈದ್ಯರದು. ಆದರೆ ರೋಗ ಯಾರಿಂದ ಬಂತು, ಅದರ ಹೊಣೆ ಯಾರದು, ಅದನ್ನು ಯಾರಿಗೆ ಹೇಳಬೇಕು, ಯಾರಿಂದ ಮುಚ್ಚಿಡಬೇಕು ಎಂಬ ತೀರ್ಪೆಲ್ಲ ನಮ್ಮ ಅಡುಗೆಮನೆಯಲ್ಲಿ, ಕಟ್ಟೆಯ ಮೇಲೆ, ಶಾಲೆಯ ಸ್ಟಾಫ್ ರೂಮಿನಲ್ಲಿಯೇ ಆಗುತ್ತದೆ. ಆ ತೀರ್ಪಿನ ಬಗ್ಗೆ ಮಾತಾಡಲು ಬಿ.ಎ. ಸಾಕು.

ಗಾದೆಯನ್ನು ಪೂರ್ತಿ ನಂಬುವುದು ಮುಧೋಳದವರಿಗೆ ಕಷ್ಟವಾಗಬೇಕು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಕವಿಚಕ್ರವರ್ತಿಯಾದ ಊರು ಇದು. ನೂಲಿನಂತೆ ಸೀರೆಯೇ ಆಗುವುದಿದ್ದರೆ ಆತ ಇಲ್ಲಿಯೇ ಬಳೆಯ ಮಲಾರ ಹೊತ್ತು ತಿರುಗಬೇಕಿತ್ತು. ಇನ್ನು ಸೀರೆಯ ಮಾತನ್ನು ಕೇಳುವುದಾದರೆ ದೂರ ಹೋಗಬೇಕಾಗಿಲ್ಲ, ರಬಕವಿ ಬನಹಟ್ಟಿಯ ನೇಕಾರರನ್ನೇ ಕೇಳಬಹುದು. ಒಂದೇ ಗಂಟಿನ ನೂಲು ಎರಡು ಮನೆಗೆ ಹೋದರೆ ಎರಡು ಥರದ ಸೀರೆಯಾಗಿ ಹೊರಬರುತ್ತದೆ ಎಂದು ಅವರು ಹೇಳುತ್ತಾರೆ. ಗಂಜಿ ಹಿಡಿದ ರೀತಿ, ಮಗ್ಗದ ಬಿಗಿ, ಆ ದಿನದ ಹವೆ, ಲಾಳಿ ಓಡಿಸಿದ ಕೈ, ಕಡಿದ ಎಳೆಯನ್ನು ಹೊತ್ತಿಗೆ ಸರಿಯಾಗಿ ನೋಡಿ ಗಂಟು ಹಾಕಿದರೋ ಇಲ್ಲವೋ, ಎಲ್ಲವೂ ಸೀರೆಯಲ್ಲಿ ಕಾಣುತ್ತದೆ.

ಈ ಕಡಿದ ಎಳೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಸ್ತನ ಕ್ಯಾನ್ಸರಿನ ವಿಷಯದಲ್ಲಿ ಎಲ್ಲರೂ ಹೆಸರಿಸುವ ಎರಡು ವಂಶವಾಹಿಗಳು, ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2, ಮಾಡುವ ಕೆಲಸ ಅದೇ. 1990ರಲ್ಲಿ ಮೇರಿ ಕ್ಲೇರ್ ಕಿಂಗ್ ಎಂಬ ಅಮೆರಿಕದ ವಿಜ್ಞಾನಿ, ರೋಗ ಹೆಚ್ಚಾಗಿ ಕಂಡ ಕುಟುಂಬಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಮೊದಲನೆಯದು ಹದಿನೇಳನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಅದೂ, ಮರುವರ್ಷ ಎರಡನೆಯದೂ ಕೈಗೆ ಸಿಕ್ಕವು. ಕೇಳಿದವರು ಇವನ್ನು 'ಕ್ಯಾನ್ಸರ್ ಜೀನ್' ಎಂದು ಕರೆದುಬಿಟ್ಟರು. ನಿಜದಲ್ಲಿ ಇವು ನಮ್ಮೆಲ್ಲರಲ್ಲಿಯೂ ಇವೆ, ಗಂಡಸರಲ್ಲಿಯೂ ಇವೆ. ಜೀವಕೋಶದೊಳಗಿನ ಡಿಎನ್‌ಎ ಎಳೆ ಕಡಿದಾಗ ಅದನ್ನು ಜೋಡಿಸುವ ಕೆಲಸದಲ್ಲಿ ಇವುಗಳ ಪಾಲಿದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಪ್ರತಿಯೊಂದರ ಎರಡು ಪ್ರತಿಗಳಿರುತ್ತವೆ. ಕೆಲವರಿಗೆ ಹುಟ್ಟುವಾಗಲೇ ಒಂದು ಪ್ರತಿಯಲ್ಲಿ ತಪ್ಪು ಅಚ್ಚಾಗಿರುತ್ತದೆ. ಇನ್ನೊಂದು ಪ್ರತಿ ಇರುವ ತನಕ ಕೆಲಸ ನಡೆಯುತ್ತದೆ. ಎದೆಯ ಯಾವುದೋ ಒಂದು ಕೋಶದಲ್ಲಿ ಆ ಇನ್ನೊಂದೂ ಕೆಟ್ಟ ದಿನ ಜೋಡಿಸುವವರು ಇಲ್ಲವಾಗುತ್ತಾರೆ.

ಅಂಥ ದೋಷವಿರುವ ಹೆಂಗಸರಲ್ಲಿ ಎಂಬತ್ತು ವರ್ಷ ತುಂಬುವುದರೊಳಗೆ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆಂದು 2017ರ ಒಂದು ದೊಡ್ಡ ಅಧ್ಯಯನ ಲೆಕ್ಕ ಕೊಟ್ಟಿತು. ಹೆದರಿಸುವ ಲೆಕ್ಕವೇ ಸರಿ. ಆದರೆ ಉಳಿದ ಮೂವತ್ತು ಮಂದಿ ಅದೇ ದೋಷ ಹೊತ್ತು ರೋಗವಿಲ್ಲದೆ ಬಾಳಿದರಲ್ಲ! ಇನ್ನೊಂದು ಮಾತು: ಸ್ತನ ಕ್ಯಾನ್ಸರ್ ಬಂದ ಎಲ್ಲರನ್ನೂ ತೆಗೆದುಕೊಂಡರೆ, ಹೀಗೆ ಹುಟ್ಟಿನಿಂದ ಪಡೆದ ದೋಷದಿಂದ ಬಂದದ್ದು ನೂರರಲ್ಲಿ ಐದರಿಂದ ಹತ್ತು ಮಾತ್ರ. ರೋಗ ಬಂದ ಬಹುಪಾಲು ಹೆಂಗಸರ ತಾಯಿಗೆ, ಅಕ್ಕತಂಗಿಯರಿಗೆ ಅದು ಬಂದಿರುವುದೇ ಇಲ್ಲ. ಗಾದೆ ಹೇಳಿ ಸಂಬಂಧ ಮುರಿದವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿದದ್ದು ಇದೇ ಮೇರಿ ಕ್ಲೇರ್ ಕಿಂಗ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ. ನ್ಯೂಯಾರ್ಕಿನ ಸುತ್ತಿನ ಯಹೂದಿ ಕುಟುಂಬಗಳಲ್ಲಿ ಈ ದೋಷವಿದ್ದ ಹೆಂಗಸರನ್ನು ಹುಟ್ಟಿದ ವರ್ಷದ ಪ್ರಕಾರ ಎರಡು ಗುಂಪು ಮಾಡಿ ನೋಡಿದರು. 1940ಕ್ಕೆ ಮೊದಲು ಹುಟ್ಟಿದವರಲ್ಲಿ ಐವತ್ತು ವರ್ಷದೊಳಗೆ ರೋಗ ಬರುವ ಸಂಭವ ನೂರಕ್ಕೆ 24. ಆಮೇಲೆ ಹುಟ್ಟಿದವರಲ್ಲಿ 67. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಅದೇ ದೋಷ. ಎರಡು ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ, ಬದಲಾದದ್ದು ಬದುಕು. ಹದಿಹರೆಯದಲ್ಲಿ ಮೈ ದಣಿಸಿ ಆಡಿದವರಲ್ಲಿ, ಬೊಜ್ಜು ಇಲ್ಲದವರಲ್ಲಿ ರೋಗ ತಡವಾಗಿ ಬಂತು ಎಂದೂ ಅವರು ಕಂಡರು. ಎಂಟನೆಯ ಇಯತ್ತೆಗೆ ಬಂದೊಡನೆ ಹುಡುಗಿಯರನ್ನು ಆಟದ ಬಯಲಿನಿಂದ ಒಳಗೆ ಕರೆದು 'ಕುಣಿಯೂದು ಸಾಕು' ಎನ್ನುವ ನಮ್ಮ ಮನೆಗಳನ್ನು ಆಗ ನೆನೆಸಿಕೊಂಡೆ.

ಇಲ್ಲಿಯವರೆಗೆ ಕೇಳಿದವರು, 'ಹಂಗಾದ್ರ ಎಲ್ಲಾ ನಮ್ಮ ಕೈಯಾಗೇ ಐತಿ' ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಸಮಾಧಾನವೂ ನನಗೆ ಸರಿಬರುವುದಿಲ್ಲ. ಪತ್ರಿಕೆಗಳ ಮಹಿಳಾ ಪುಟದಲ್ಲಿ ಬರುವ ಪಟ್ಟಿಯನ್ನು ನೀವೂ ನೋಡಿರುತ್ತೀರಿ. ತಡವಾಗಿ ಮದುವೆಯಾದವರು, ಮೂವತ್ತರ ನಂತರ ಮೊದಲ ಮಗು ಹೆತ್ತವರು, ಹೆರದೇ ಇದ್ದವರು, ಮೊಲೆಯುಣಿಸದವರು, ದಪ್ಪಗಿರುವವರು, ಕೂತು ಕೆಲಸ ಮಾಡುವವರು. ಓದುತ್ತ ಹೋದಂತೆ ಇದು ಆರೋಗ್ಯದ ಪಟ್ಟಿಯೋ, ನೌಕರಿ ಮಾಡುವ ಹೆಂಗಸಿನ ಮೇಲೆ ಹೊರಿಸಿದ ಆರೋಪಪಟ್ಟಿಯೋ ತಿಳಿಯದಂತಾಗುತ್ತದೆ. ಹಿಂದಿನವರು ಪೂರ್ವಜನ್ಮದ ಪಾಪ ಎನ್ನುತ್ತಿದ್ದರು, ಈಗಿನವರು ಜೀವನಶೈಲಿ ಎನ್ನುತ್ತಾರೆ. ಶಬ್ದ ಹೊಸದಾಯಿತು, ಬೆರಳು ಅದೇ ಕಡೆ ತೋರಿಸುತ್ತಿದೆ.

ಪಟ್ಟಿ ಸುಳ್ಳೆಂದು ನಾನು ಹೇಳುವುದಿಲ್ಲ. 1713ರಷ್ಟು ಹಿಂದೆಯೇ ಇಟಲಿಯ ರಾಮಾಝಿನಿ ಎಂಬ ವೈದ್ಯ, ಕನ್ಯಾಮಠಗಳ ಸನ್ಯಾಸಿನಿಯರಲ್ಲಿ ಈ ರೋಗ ಹೆಚ್ಚೆಂದು ಬರೆದಿದ್ದ. 1926ರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್ ಕ್ಲೇಪನ್ ಎಂಬಾಕೆ ರೋಗ ಬಂದ ಐದುನೂರು ಹೆಂಗಸರನ್ನೂ ಬಾರದ ಐದುನೂರು ಹೆಂಗಸರನ್ನೂ ಎದುರುಬದುರು ಇಟ್ಟು ಅದನ್ನು ಲೆಕ್ಕದಲ್ಲಿ ತೋರಿಸಿದರು. ಮೂವತ್ತು ದೇಶಗಳ 47 ಅಧ್ಯಯನಗಳನ್ನು ಒಟ್ಟು ಹಾಕಿದಾಗ, ಒಂದು ಹೆರಿಗೆಗೆ ನೂರಕ್ಕೆ ಏಳರಷ್ಟು, ಒಂದು ವರ್ಷ ಹಾಲೂಡಿಸಿದ್ದಕ್ಕೆ ಇನ್ನೂ ನಾಲ್ಕರಷ್ಟು ಅಪಾಯ ಕಡಿಮೆಯಾಗುತ್ತದೆಂದು 2002ರಲ್ಲಿ ಗೊತ್ತಾಯಿತು. ತಿಂಗಳು ತಿಂಗಳೂ ಏರಿಳಿಯುವ ಹೆಣ್ತನದ ಹಾರ್ಮೋನುಗಳು ಎದೆಯ ಕೋಶಗಳನ್ನು ಬೆಳೆಯಲು ಪ್ರೇರಿಸುತ್ತವೆ. ಬಸಿರು ಬಾಣಂತನಗಳಲ್ಲಿ ಆ ಕೋಶಗಳು ಬಲಿತು ನಿಲ್ಲುತ್ತವೆ. ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಆ ಹಾರ್ಮೋನನ್ನು ತಯಾರಿಸುತ್ತದೆ, ಆದ್ದರಿಂದಲೇ ಬೊಜ್ಜಿನ ಮಾತು ಬರುವುದು.

ಹಾಗಾದರೆ ಏನು ಮಾಡಬೇಕು? ಹುಡುಗಿಯರನ್ನು ಹತ್ತನೆಯ ಇಯತ್ತೆಗೆ ಬಿಡಿಸಿ ಮದುವೆ ಮಾಡಿ ಆರಾರು ಹೆರಿಸಬೇಕೆ? ನಮ್ಮ ಅಜ್ಜಿಯರು ಹಾಗೆಯೇ ಬದುಕಿದರು. ಅವರಲ್ಲಿ ಎಷ್ಟೋ ಜನ ಬಾಣಂತನದಲ್ಲಿಯೇ ಹೋದರು. ಉಳಿದವರಿಗೆ ಗರ್ಭಕೊರಳಿನ ಕ್ಯಾನ್ಸರ್ ಕಾದಿರುತ್ತಿತ್ತು. ಎಳೆಯ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ ಅದರ ದಾರಿಯನ್ನು ಸುಲಭ ಮಾಡುತ್ತವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ದಾಖಲೆ ಇಡುತ್ತ ಬಂದಿದ್ದಾರೆ. ಮೊದಲ ವರ್ಷಗಳಲ್ಲಿ ಹೆಂಗಸರಲ್ಲಿ ಗರ್ಭಕೊರಳಿನದೇ ಮೇಲಿತ್ತು, ಬರಬರುತ್ತ ಅದು ಇಳಿದು ಸ್ತನದ್ದು ಮೇಲೇರಿತು. ಹುಡುಗಿಯರು ಓದಿದರು, ತಡವಾಗಿ ಮದುವೆಯಾದರು, ಎರಡೇ ಹೆತ್ತರು. ಒಂದು ಗಂಡಾಂತರದಿಂದ ದೂರ ಸರಿಯುತ್ತ ಇನ್ನೊಂದಕ್ಕೆ ಸ್ವಲ್ಪ ಹತ್ತಿರವಾದರು. ಲೆಕ್ಕದ ಒಂದು ಪುಟ ಮಾತ್ರ ಓದಿ ಓದಿದ ಹೆಣ್ಣನ್ನು ದೂರುವವರಿಗೆ ಮತ್ತೊಂದು ಪುಟವನ್ನೂ ತಿರುವಲು ಹೇಳಬೇಕು.

ಪರಿಸರ ಎಂದರೆ ಅವಳ ಅಭ್ಯಾಸಗಳು ಮಾತ್ರ ಎಂದು ತಿಳಿಯುವುದೂ ಒಂದು ಅನ್ಯಾಯ. ಹಿರೋಶಿಮಾ, ನಾಗಾಸಾಕಿಯಲ್ಲಿ 1945ರಲ್ಲಿ ಎಳೆಯ ಹುಡುಗಿಯರಾಗಿದ್ದವರಲ್ಲಿ ದಶಕಗಳ ನಂತರ ಈ ರೋಗ ಹೆಚ್ಚಾಗಿ ಕಂಡಿತು, ಅದೇ ಬಾಂಬಿನ ಕಿರಣ ನಡುವಯಸ್ಸಿನವರಿಗೆ ಅಷ್ಟು ಕಾಡಲಿಲ್ಲ. ಯಾವ ವಯಸ್ಸಿನಲ್ಲಿ ಏನು ತಾಗಿತು ಎಂಬುದು ಅಷ್ಟು ಮುಖ್ಯ. ನಾನು ಚಿಕ್ಕವಳಿದ್ದಾಗ ಮಲೇರಿಯಾದವರು ಬಂದು ಮನೆಯ ಗೋಡೆಗೆಲ್ಲ ಡಿಡಿಟಿ ಹೊಡೆದು ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಅದು ಜ್ವರದಿಂದ ಎಷ್ಟೋ ಜೀವ ಉಳಿಸಿತು ಎಂಬುದೂ ನಿಜ. ಹೊಲಗಳಿಗೆ ಅದನ್ನು ಹೊಡೆಯುವುದನ್ನು ನಮ್ಮ ಸರಕಾರ 1989ರಲ್ಲಿ ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಬಸುರಿಯರ ರಕ್ತವನ್ನು ಜೋಪಾನ ಮಾಡಿಟ್ಟಿದ್ದರು. ಅವರ ಹೆಣ್ಣುಮಕ್ಕಳು ಐವತ್ತು ದಾಟುವವರೆಗೆ ಕಾದು ನೋಡಿದ ಬಾರ್ಬರಾ ಕೋನ್ ಮತ್ತು ಸಂಗಡಿಗರು 2015ರಲ್ಲಿ ಹೇಳಿದ್ದು ಇಷ್ಟು: ತಾಯಿಯ ರಕ್ತದಲ್ಲಿ ಒಂದು ಬಗೆಯ ಡಿಡಿಟಿ ಅಂಶ ಹೆಚ್ಚಿದ್ದಲ್ಲಿ ಮಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ನಾಲ್ಕು ಪಟ್ಟು. ದೊಡ್ಡವರಾದ ಮೇಲೆ ಅಳೆದು ನೋಡಿದ ಬೇರೆ ಅಧ್ಯಯನಗಳಲ್ಲಿ ಇಂಥ ಸಂಬಂಧ ಸ್ಪಷ್ಟವಾಗಿ ಕಂಡಿರಲಿಲ್ಲ, ಆದ್ದರಿಂದ ಒಂದೇ ಅಧ್ಯಯನ ಹಿಡಿದು ಗಾಬರಿಯಾಗುವುದು ಬೇಡ. ನನಗೆ ಅಚ್ಚರಿಯಾದದ್ದು ಬೇರೆ. ಇಲ್ಲಿ ಅಪಾಯ ಬಂದದ್ದು ತಾಯಿಯಿಂದಲೇ, ಆದರೆ ವಂಶವಾಹಿಯಿಂದಲ್ಲ. ತಾಯಿಯ ಗರ್ಭವೇ ಮಗುವಿನ ಮೊದಲ ಪರಿಸರ. ಘಟಪ್ರಭೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ಔಷಧ ಹೊಡೆದ ಮರುದಿನವೇ ಕಳೆ ಕೀಳಲು ಇಳಿಯುವ ಬಸುರಿಗೆ 'ನಿಮ್ಮ ಜೀವನಶೈಲಿ ಬದಲಿಸಿಕೊಳ್ಳಿ' ಎಂದು ಯಾವ ಬಾಯಿಂದ ಹೇಳುವುದು?

ವಂಶದ್ದೆಷ್ಟು, ಪರಿಸರದ್ದೆಷ್ಟು ಎಂದು ಪಾಲು ಮಾಡಲು ವಿಜ್ಞಾನಿಗಳು ಅವಳಿಗಳನ್ನು ಅಭ್ಯಾಸ ಮಾಡಿದ್ದುಂಟು. ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡಿನ 44,788 ಜೋಡಿ ಅವಳಿಗಳನ್ನು ನೋಡಿ 2000ದಲ್ಲಿ ಕೊಟ್ಟ ಅಂದಾಜಿನಲ್ಲಿ ಸ್ತನ ಕ್ಯಾನ್ಸರಿನಲ್ಲಿ ವಂಶದ ಪಾಲು ನೂರಕ್ಕೆ 27. ಒಂದೇ ಅಚ್ಚಿನ ಅವಳಿಗಳಲ್ಲಿಯೂ ಒಬ್ಬಳಿಗೆ ಬಂದಾಗ ಇನ್ನೊಬ್ಬಳಿಗೆ ಬಾರದೆ ಇದ್ದದ್ದೇ ಹೆಚ್ಚು. ಆದರೆ ಈ 27 ಎಂಬುದು ಇಡೀ ಜನಸಮುದಾಯದ ಮಾತು. ನಮ್ಮ ಓಣಿಯ ಒಬ್ಬಾಕೆಯ ಗಂಟನ್ನು ತೋರಿಸಿ ಇದರಲ್ಲಿ ನಾಲ್ಕಾಣೆ ತಾಯಿಯದು, ಹನ್ನೆರಡಾಣೆ ನಿನ್ನದು ಎಂದು ಹೇಳಲಾಗುವುದಿಲ್ಲ. ಸೀರೆಯಲ್ಲಿ ಹಾಸಿನ ಪಾಲೆಷ್ಟು, ಹೊಕ್ಕಿನ ಪಾಲೆಷ್ಟು ಎಂದು ಕೇಳಿದ ಹಾಗೆ. ಒಂದನ್ನು ಎಳೆದು ತೆಗೆದರೆ ಉಳಿಯುವುದು ಬಟ್ಟೆಯಲ್ಲ, ದಾರ. ಅಲ್ಲದೆ ಯಾರ ಪಾಲಿಗೂ ಸೇರದ ಮೂರನೆಯದೊಂದು ಇದೆ. ಕೋಶ ಒಡೆದು ಎರಡಾಗುವಾಗ ನಕಲಿನಲ್ಲಿ ತಾನಾಗಿ ನುಸುಳುವ ತಪ್ಪು. ಅದಕ್ಕೆ ಆಕಸ್ಮಿಕ ಎನ್ನದೆ ಬೇರೆ ಹೆಸರಿಲ್ಲ. ಕಾರಣ ಎಂಬ ಮಾತನ್ನೂ ತಪ್ಪು ಎಂಬ ಮಾತನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ. ಮಳೆ ಕಾರಣವಾಗಿ ಗೋಡೆ ಬಿತ್ತು ಎಂದರೆ ಮಳೆಯನ್ನು ಯಾರೂ ಬಯ್ಯುವುದಿಲ್ಲ. ಹೆಂಗಸಿನ ಮೈಯ ವಿಷಯ ಬಂದಾಗ ಮಾತ್ರ ಕಾರಣ ಸಿಕ್ಕ ಕೂಡಲೆ ಆರೋಪಿಯೂ ಸಿಗುತ್ತಾಳೆ.

ಹಾಗೆಂದು ಯಾರ ತಪ್ಪೂ ಅಲ್ಲವೆಂದ ಮೇಲೆ ಯಾರ ಹೊಣೆಯೂ ಇಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮಗೆ ಬೇಕಾದವರ ಒಂದು ಮನೆ. ಹೆಸರು, ಊರು ಬೇಡ. ಆ ಮನೆಯ ತಾಯಿಗೆ ನಲವತ್ತೆರಡಕ್ಕೇ ಎದೆಯಲ್ಲಿ ಗಂಟಾಯಿತು. ಮೀರಜಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದರು. ಓಣಿಯಲ್ಲಿ ಹೇಳಿದ್ದು ಗರ್ಭಕೋಶದ ತೊಂದರೆ ಎಂದು. ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಬೇಕಿತ್ತು, ಅವರಿಗೂ ಹಾಗೆಯೇ ಹೇಳಿದರು. ಆಕೆ ತನ್ನ ಮಕ್ಕಳ ಎದುರೂ ಸೆರಗು ಸರಿಸದೆ ಹದಿನೈದು ವರ್ಷ ಬದುಕಿ ತೀರಿಕೊಂಡರು. ಕಿರಿಯ ಮಗಳಿಗೆ ಮೂವತ್ತೆಂಟರಲ್ಲಿ ಗಂಟು ಕೈಗೆ ಸಿಕ್ಕಿತು. ನೋಯುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಇಂಥದ್ದು ಯಾರಿಗೂ ಇಲ್ಲ ಎಂಬ ಧೈರ್ಯದಲ್ಲಿ ಎಂಟು ತಿಂಗಳು ತಳ್ಳಿದಳು. ಹುಬ್ಬಳ್ಳಿಯ ಡಾಕ್ಟರು ತಾಯಿಯ ಕಡೆ ಯಾರಿಗಾದರೂ ಆಗಿತ್ತೇ ಎಂದು ಕೇಳಿದಾಗಲೂ ಇಲ್ಲವೆಂದೇ ಹೇಳಿದಳು. ಪಕ್ಕದಲ್ಲಿ ನಿಂತಿದ್ದ ಮುದಿ ತಂದೆ ಗೋಡೆಯ ಕಡೆ ತಿರುಗಿದರಂತೆ. ಆಕೆ ಈಗ ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದಾಳೆ. ಆದರೆ 'ಅವ್ವ ನನ್ನ ಮುಂದ ಯಾಕ ಹೇಳಲಿಲ್ಲ' ಎಂಬ ಒಂದೇ ಪ್ರಶ್ನೆಯನ್ನು ಬಂದವರಿಗೆಲ್ಲ ಕೇಳುತ್ತಾಳೆ.

ಆ ತಾಯಿಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಹೇಳಿದ್ದರೆ ಮದುವೆಗಳು ನಿಲ್ಲುತ್ತಿದ್ದವು, ಅದು ಆಕೆಗೆ ಗೊತ್ತಿತ್ತು. ಮಗಳ ಬಾಳನ್ನು ಕಾಯಲೆಂದೇ ಮುಚ್ಚಿಟ್ಟದ್ದು ಮಗಳ ಜೀವಕ್ಕೆ ಮುಳುವಾಗಿ ಬಂತು. 2013ರ ಮೇ ತಿಂಗಳಲ್ಲಿ ಹಾಲಿವುಡ್ಡಿನ ನಟಿ ಆಂಜೆಲಿನಾ ಜೋಲಿ, ತನಗೆ ಬಿಆರ್‌ಸಿಎ-1ರ ದೋಷವಿದೆ, ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು, ಆದ್ದರಿಂದ ರೋಗ ಬರುವ ಮೊದಲೇ ಎರಡೂ ಸ್ತನ ತೆಗೆಸಿಕೊಂಡೆ ಎಂದು ಪತ್ರಿಕೆಯಲ್ಲಿ ತಾನೇ ಬರೆದಳು. ಆಗ ನಮ್ಮ ಸ್ಟಾಫ್ ರೂಮಿನಲ್ಲಿ ಎರಡು ದಿನ ಅದೇ ಮಾತು. ಧೈರ್ಯವಂತೆ ಎಂದರು ಕೆಲವರು. ಧೈರ್ಯವಂತೆಯೇ. ಆದರೆ ಆಕೆಯ ಮಗಳನ್ನು ನೋಡಲು ಬಂದವರು ಚಹಾ ಕುಡಿದು ಎದ್ದು ಹೋಗುವ ಭಯ ಆಕೆಗಿರಲಿಲ್ಲ. ನಮ್ಮವರೂ ಬಾಯಿ ತೆರೆದದ್ದುಂಟು, ಭಾರತಿ ಬಿ.ವಿ. ತಮ್ಮ ರೋಗದ ಕಥೆಯನ್ನು 'ಸಾಸಿವೆ ತಂದವಳು' ಎಂಬ ಪುಸ್ತಕವಾಗಿ ಬರೆದರು. ಸಾವಿಲ್ಲದ ಮನೆಯ ಸಾಸಿವೆ ಹುಡುಕಿ ಹೊರಟವಳ ಕಥೆ ನಮಗೆಲ್ಲ ಗೊತ್ತು. ರೋಗವಿಲ್ಲದ ಮನೆತನ ಹುಡುಕುವ ಬೀಗರು ಆ ಕಥೆಯನ್ನು ಒಮ್ಮೆ ಕೇಳಬೇಕು.

ಹೆಣ್ಣಿನ ಮನೆಯವರನ್ನು ಮಾತ್ರ ಕೇಳುವುದರಲ್ಲಿ ಒಂದು ತಪ್ಪು ಲೆಕ್ಕವೂ ಇದೆ. ಬಿಆರ್‌ಸಿಎ ದೋಷ ತಂದೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ಯಾರಲ್ಲಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕೆ ಅರ್ಧ. ತಂದೆ ಗಟ್ಟಿಮುಟ್ಟಾಗಿ ಎಂಬತ್ತು ವರ್ಷ ಬಾಳಿ ಅದನ್ನು ಮಗಳಿಗೆ ದಾಟಿಸಿರಬಹುದು. ಆದ್ದರಿಂದ ತಾಯಿ, ಚಿಕ್ಕಮ್ಮರ ಜೊತೆಗೆ ಸೋದರತ್ತೆಯ ಮೈಯಲ್ಲಿ ಏನಾಗಿತ್ತು ಎಂಬುದನ್ನೂ ಕೇಳಬೇಕು. ತಾಯಿಯಂತೆ ಮಗಳು ಎಂಬ ಗಾದೆ ತಂದೆಯನ್ನು ಸುಖವಾಗಿ ಹೊರಗೆ ಬಿಟ್ಟಿದೆ. ನಮ್ಮ ಊರಿನ ಹೆಸರು ಹೊತ್ತ ಬೇಟೆನಾಯಿಯ ಮರಿ ಕೊಳ್ಳಲು ಬರುವವರು ಇದಕ್ಕಿಂತ ಜಾಣರು. ತಾಯಿ ಯಾವುದು, ತಂದೆ ಯಾವುದು ಎಂದು ಎರಡೂ ಕಡೆ ವಿಚಾರಿಸುತ್ತಾರೆ. ಜೊತೆಗೆ ದಿನಾ ಓಡಿಸಲು ಬಯಲಿದೆಯೇ ಎಂದು ಮಾರುವವನೂ ಕೇಳುತ್ತಾನೆ.

ರೋಗದ ಹೆಸರು ಮನೆಯೊಳಗೆ ಗೊತ್ತಿದ್ದರೆ ಪರೀಕ್ಷೆ ಬೇಗ ಆಗುತ್ತದೆ, ಇದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮುಂಬೈಯ ಟಾಟಾ ಆಸ್ಪತ್ರೆಯವರು 1998ರಿಂದ ಇಪ್ಪತ್ತು ವರ್ಷ ಸುಮಾರು ಒಂದೂವರೆ ಲಕ್ಷ ಬಡ ಹೆಂಗಸರ ಮೇಲೆ ನಡೆಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದರು. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಯಿತು. 2022ರ ಒಂದೇ ವರ್ಷ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿತೆಂಬ ಅಂದಾಜನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮುಟ್ಟಿ ನೋಡುವ ಆ ಕೈಗಳ ಬೆಲೆ ತಿಳಿದೀತು.

ಕುಟುಂಬದಲ್ಲಿ ದೋಷವಿರಬಹುದೇ ಎಂದು ತಿಳಿಯಲು ವೈದ್ಯರು ಮೊದಲು ಕೇಳುವುದು ಮೂರು ತಲೆಮಾರಿನ ವಂಶವೃಕ್ಷವನ್ನು. ಇಲ್ಲಿ ನಮ್ಮವರು ತಡವರಿಸುತ್ತಾರೆ. ನಮ್ಮ ಕಡೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ಪುಸ್ತಕ ತೆರೆದು ಏಳೆಂಟು ತಲೆಮಾರಿನ ಹೆಸರು ಒಂದೇ ಉಸಿರಿಗೆ ಹೇಳುತ್ತಿದ್ದರು. ಅದರಲ್ಲಿ ಬರುವವರು ಹೆಚ್ಚಾಗಿ ಗಂಡಸರೇ. ಹೆಣ್ಣು ಹುಟ್ಟಿದ ಮನೆಯ ಲೆಕ್ಕದಿಂದ ಹೊರಬೀಳುತ್ತಾಳೆ, ಹೋದ ಮನೆಯಲ್ಲಿ ಲಗ್ನದ ದಿನ ಆಕೆಯ ಹೆಸರನ್ನೇ ಬದಲಿಸುತ್ತಾರೆ. ಹೋದ ಬೇಸಿಗೆಯ ರಜೆಯಲ್ಲಿ ನಾನೊಂದು ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎರಡೂ ಕಡೆಯ ಹೆಂಗಸರ ಹೆಸರು ಬರೆಯತೊಡಗಿದೆ. ತವರಿನ ಹೆಸರು ಒಂದು ಕಡೆ, ಗಂಡನ ಮನೆಯ ಹೆಸರು ಇನ್ನೊಂದು ಕಡೆ, ಎಷ್ಟನೆಯ ವಯಸ್ಸಿಗೆ ಏನಾಗಿ ಹೋದರು ಎಂಬುದು ಮುಂದೆ. ಇಪ್ಪತ್ತಮೂರು ಹೆಸರು ಸಿಕ್ಕವು. ಏನಾಗಿ ಹೋದರು ಎಂಬಲ್ಲಿ ಜ್ವರ, ಬಾಣಂತಿ, ಹಾವು, ಮುಪ್ಪು ಎಂದು ಬಂದಿದೆ. ನನ್ನ ತಂದೆಯ ಸೋದರತ್ತೆಯೊಬ್ಬರ ಎದುರು ಮನೆಯ ಹಿರಿಯರು ಬರೆಸಿದ್ದು 'ಹುಣ್ಣಾಗಿ' ಎಂದು. ಎಲ್ಲಿಯ ಹುಣ್ಣು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಗಿನ ಕಾಲದಾಗ ಹೆಣಮಕ್ಕಳಿಗೆ ಅದನ್ನ ಯಾರು ಕೇಳತಿದ್ರವ್ವಾ' ಎಂದರು. ಆ ಜಾಗವನ್ನು ಹಾಗೆಯೇ ಖಾಲಿ ಬಿಟ್ಟಿದ್ದೇನೆ. ಪುಸ್ತಕವನ್ನು ಮಗಳಿಗೂ ತಮ್ಮನ ಮಗಳಿಗೂ ತೋರಿಸಿದ್ದೇನೆ.